ನೀತಿಯ ಪಾಠ ಕಡಲಾಚೆ, ನೀತಿಯ ಪರೀಕ್ಷೆ ಮನೆಯಲ್ಲಿ



ಮನನೊಂದವರ ಮಾತನ್ನು ತಾಳ್ಮೆಯಿಂದ ಕೇಳಿ, ಅವರಿಗೆ ದಾರಿ ಕಾಣಿಸುವವರನ್ನು ನಾವು ಕನ್ನಡದಲ್ಲಿ ‘ಆಪ್ತಸಮಾಲೋಚಕರು’ ಎಂದು ಕರೆಯುತ್ತೇವೆ. ಥೆರಪಿಸ್ಟ್, ಕೌನ್ಸೆಲರ್ ಎಂಬ ಶಬ್ದಗಳು ಹೊರದಿರುವ ಒಂದು ಹೊಣೆಯನ್ನು ನಮ್ಮ ಈ ಶಬ್ದ ಹೊತ್ತಿದೆ. ಆಪ್ತರೆಂದರೆ ಕೇವಲ ಹತ್ತಿರದವರಲ್ಲ, ನಂಬಿಕೆಗೆ ಅರ್ಹರಾದವರು. ಯಾರ ಮಾತನ್ನು ಪ್ರಮಾಣವೆಂದು ಸ್ವೀಕರಿಸಬಹುದೋ ಅಂಥವರು. ಹೆತ್ತವರ ಮುಂದೆ, ಕೈಹಿಡಿದವರ ಮುಂದೆ ಆಡಲಾಗದ ಮಾತನ್ನು ಮನುಷ್ಯ ಈ ಆಪ್ತರ ಮುಂದೆ ಆಡುತ್ತಾನೆ. ಬಾಗಿಲು ಮುಚ್ಚಿರುತ್ತದೆ. ಒಳಗಿರುವವರು ಇಬ್ಬರೇ. ಅವರಲ್ಲಿ ಒಬ್ಬರು ನೊಂದವರು, ಇನ್ನೊಬ್ಬರು ಬಲ್ಲವರು. ಬಲ್ಲವರು ತಪ್ಪಿ ನಡೆದರೆ ಅದನ್ನು ಕಂಡು ಹೇಳುವವರು ಯಾರು? ಈ ಪ್ರಶ್ನೆಯೇ ಇಂದಿನ ನಮ್ಮ ಚಿಂತನೆಯ ವಿಷಯ.

ಅಮೆರಿಕದಲ್ಲಿ ಮನೋಚಿಕಿತ್ಸೆಯ ವೃತ್ತಿಯಲ್ಲಿರುವವರಿಗೆ ಪರವಾನಗಿಯನ್ನು ನೀಡುವುದು ಆಯಾ ರಾಜ್ಯದ ಮಂಡಳಿ. ಅದನ್ನು ನವೀಕರಿಸಬೇಕಾದರೆ ಇಂತಿಷ್ಟು ಗಂಟೆಗಳ ‘ನಿರಂತರ ಶಿಕ್ಷಣ’ವನ್ನು ಪಡೆದಿರಬೇಕು. ಕ್ಯಾಲಿಫೋರ್ನಿಯಾ ರಾಜ್ಯವನ್ನೇ ತೆಗೆದುಕೊಳ್ಳೋಣ. ಅಲ್ಲಿ ವಿವಾಹ ಮತ್ತು ಕುಟುಂಬ ಚಿಕಿತ್ಸಕರು, ಚಿಕಿತ್ಸಾ ಸಮಾಜಕಾರ್ಯಕರ್ತರು ಮೊದಲಾದವರು ಎರಡು ವರ್ಷಗಳಿಗೊಮ್ಮೆ ೩೬ ಗಂಟೆಗಳ ಶಿಕ್ಷಣವನ್ನು ಪೂರೈಸಬೇಕು. ಅದರಲ್ಲಿ ೬ ಗಂಟೆ ಕಾನೂನು ಮತ್ತು ವೃತ್ತಿನೀತಿಗೇ ಮೀಸಲು. ಕಿರಿಯರ ಕೆಲಸವನ್ನು ನೋಡಿಕೊಳ್ಳುವ ಮೇಲ್ವಿಚಾರಕರಾಗಬೇಕೆಂದರೆ ಅದಕ್ಕೆಂದೇ ೧೫ ಗಂಟೆಗಳ ತರಬೇತಿ, ಆಮೇಲೆ ಪ್ರತಿ ನವೀಕರಣದ ಅವಧಿಯಲ್ಲಿ ಮತ್ತೆ ೬ ಗಂಟೆ. ಈ ನಿಯಮಗಳ ಉದ್ದೇಶ ಒಳ್ಳೆಯದೇ. ಕಲಿತದ್ದು ಹಳತಾಗಬಾರದು, ಎಚ್ಚರ ಮಾಸಬಾರದು ಎಂಬುದೇ ಅವುಗಳ ಆಶಯ.

ಈ ಗಂಟೆಗಳನ್ನು ತುಂಬಿಸಿಕೊಡುವ ಒಂದು ವ್ಯವಸ್ಥೆ ಹೊರದೇಶದ ಶಿಬಿರ. ಇದನ್ನು ಅವರು ‘ರಿಟ್ರೀಟ್’ ಎನ್ನುತ್ತಾರೆ. ಇಟಲಿಯ ಟಸ್ಕನಿ, ಗ್ರೀಸಿನ ದ್ವೀಪಗಳು, ಕೋಸ್ಟರಿಕಾ, ಬಾಲಿ ಇಂಥ ರಮಣೀಯ ತಾಣಗಳಲ್ಲಿ ಹಲವು ದಿನಗಳ ವಾಸ. ಬೆಳಿಗ್ಗೆ ಯೋಗ, ಅನಂತರ ವೃತ್ತಿನೀತಿಯ ಉಪನ್ಯಾಸ, ಮೇಲ್ವಿಚಾರಣೆಯ ಕುರಿತು ಗುಂಪುಚರ್ಚೆ, ಸಂಜೆ ಕಡಲತೀರ. ಕೊನೆಯ ದಿನ ಗಂಟೆಗಳ ಲೆಕ್ಕವಿರುವ ಪ್ರಮಾಣಪತ್ರ. ಇದನ್ನು ಕೇಳಿದೊಡನೆ ‘ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ’ ಎಂದು ನಕ್ಕುಬಿಡುವುದು ಸುಲಭ. ಆದರೆ ನಕ್ಕು ಬಿಟ್ಟರೆ ವಿಚಾರ ಮಾಡಿದಂತಾಗುವುದಿಲ್ಲ. ಇದರಲ್ಲಿ ಹುರುಳೆಷ್ಟು, ಹೊಟ್ಟೆಷ್ಟು ಎಂದು ಕೇರಿ ನೋಡಬೇಕು.

ಮೊದಲು ಹುರುಳನ್ನೇ ನೋಡೋಣ. ದಿನವೂ ಪರರ ದುಃಖವನ್ನು ಕೇಳುವ ಕಿವಿಗೆ ಆಯಾಸವಾಗುತ್ತದೆ. ಆಯಾಸಗೊಂಡವರು ಕೇಳುತ್ತಿರುವಂತೆ ಕಂಡರೂ ಕೇಳುತ್ತಿರುವುದಿಲ್ಲ. ಅಂಥವರಿಗೆ ವಿಶ್ರಾಂತಿ ಬೇಕು. ಅದು ಭೋಗವಲ್ಲ, ವೃತ್ತಿಯ ಅಗತ್ಯ. ಇನ್ನೊಂದು ಕಾರಣವೂ ಇದೆ. ಚಿಕ್ಕ ಊರಿನಲ್ಲಿ ಕೆಲಸ ಮಾಡುವ ಚಿಕಿತ್ಸಕರು ತಮ್ಮ ಸಂದಿಗ್ಧವನ್ನು ಅದೇ ಊರಿನ ಸಹೋದ್ಯೋಗಿಯ ಮುಂದೆ ಇಟ್ಟರೆ, ಹೆಸರು ಹೇಳದಿದ್ದರೂ ಅದು ಯಾರ ಕಥೆಯೆಂದು ಗುರುತು ಹತ್ತುವ ಭಯವಿದೆ. ದೂರದಲ್ಲಿ, ತನ್ನ ಊರನ್ನು ಅರಿಯದವರ ನಡುವೆ, ‘ನಾನು ಇಲ್ಲಿ ಎಡವಿದೆ’ ಎಂದು ಒಪ್ಪಿಕೊಳ್ಳುವುದು ಸುಲಭ. ದೂರಕ್ಕೆ ಈ ಗುಣವಿರುವುದನ್ನು ನಾವು ಅಲ್ಲಗಳೆಯಬಾರದು.

ಇನ್ನು ಮೂಲ ಪ್ರಶ್ನೆಗೆ ಬರೋಣ. ‘ಮೇಲ್ವಿಚಾರಣೆ’ ಎಂದರೇನು? ಇಂಗ್ಲಿಷಿನ ಸೂಪರ್‌ವಿಷನ್ ಎಂಬ ಪದ ಲ್ಯಾಟಿನ್ ಮೂಲದ್ದು. ಮೇಲಿನಿಂದ ನೋಡುವುದು ಎಂದು ಅದರ ಅರ್ಥ. ನಮ್ಮ ಶಬ್ದ ಬರಿಯ ನೋಟಕ್ಕೆ ನಿಲ್ಲುವುದಿಲ್ಲ. ವಿಚಾರಣೆ ಎಂದರೆ ಕೇಳುವುದು, ಕೆದಕುವುದು, ಉತ್ತರ ಬರುವವರೆಗೆ ಬಿಡದಿರುವುದು. ಅದು ಒಂದು ದಿನದ ಉಪದೇಶದಿಂದ ಆಗುವಂಥದಲ್ಲ. ನಿನ್ನೆ ಹೇಳಿದ್ದನ್ನು ಇಂದು ನೆನಪಿಟ್ಟು, ‘ಆ ವಿಷಯ ಏನಾಯಿತು?’ ಎಂದು ಮತ್ತೆ ಕೇಳುವವರು ಬೇಕು. ತನ್ನ ಬೆನ್ನು ತನಗೆ ಕಾಣದು. ಆದ್ದರಿಂದಲೇ ಬೆನ್ನ ಹಿಂದೆ ನಿಂತು ನೋಡುವವರು ಬೇಕಾಗುತ್ತದೆ. ಹಾಗೆ ನಿಲ್ಲುವವರು ಅಲ್ಲಿಯೇ ಇರಬೇಕು. ವರ್ಷಕ್ಕೊಮ್ಮೆ ಬಂದು ಹೋಗುವವರಿಗೆ ಬೆನ್ನು ಕಾಣುವುದಿಲ್ಲ, ಮುಖವಷ್ಟೇ ಕಾಣುತ್ತದೆ.

ಈ ಪದ್ಧತಿ ಹುಟ್ಟಿದ ನೆಲವನ್ನು ನೆನೆದರೆ ನಮ್ಮ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ೧೯೨೦ರಲ್ಲಿ ಬರ್ಲಿನ್ ನಗರದಲ್ಲಿ ಮ್ಯಾಕ್ಸ್ ಐಟಿಂಗನ್ ಮತ್ತು ಅವರ ಸಂಗಡಿಗರು ಮನೋವಿಶ್ಲೇಷಣೆಯ ಒಂದು ಚಿಕಿತ್ಸಾಲಯವನ್ನು ತೆರೆದರು. ಮೊದಲ ಮಹಾಯುದ್ಧ ಮುಗಿದು ಜನ ಬಸವಳಿದಿದ್ದ ಕಾಲ ಅದು. ಹಣವಿಲ್ಲದವರಿಗೂ ಅಲ್ಲಿ ಚಿಕಿತ್ಸೆ ದೊರೆಯುತ್ತಿತ್ತು. ಅಲ್ಲಿ ಕಲಿಯಲು ಬಂದವರಿಗೆ ಮೂರು ಕರ್ತವ್ಯಗಳು: ತಾವು ಸ್ವತಃ ವಿಶ್ಲೇಷಣೆಗೆ ಒಳಗಾಗುವುದು, ಶಾಸ್ತ್ರವನ್ನು ಓದುವುದು, ಹಿರಿಯರ ಕಣ್ಣೆದುರಿನಲ್ಲಿ ರೋಗಿಗಳಿಗೆ ಚಿಕಿತ್ಸೆ ನೀಡುವುದು. ಮೇಲ್ವಿಚಾರಣೆ ಶಿಕ್ಷಣದ ಕಡ್ಡಾಯ ಅಂಗವಾಗಿ ರೂಪುಗೊಂಡದ್ದು ಹೀಗೆ. ಮುಂದೆ ೧೯೫೦ರ ದಶಕದಲ್ಲಿ ಲಂಡನ್ನಿನ ಟಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ ಮೈಕೇಲ್ ಬಾಲಿಂಟ್ ಸಾಮಾನ್ಯ ವೈದ್ಯರ ಗುಂಪುಗಳನ್ನು ಕೂಡಿಸಿ, ಅವರವರ ರೋಗಿಗಳ ವಿಷಯವನ್ನು ವಾರವಾರವೂ ಚರ್ಚೆಗೆ ತೆಗೆದುಕೊಂಡರು. ಬಡವರ ಚಿಕಿತ್ಸಾಲಯ, ದುಡಿಯುವ ವೈದ್ಯರ ವಾರದ ಕೂಟ, ಇವೇ ಮೇಲ್ವಿಚಾರಣೆಯ ತವರು. ದಿನದ ಕಾಯಕದ ನಡುವೆ ಹುಟ್ಟಿದ ಪದ್ಧತಿ ಅದು.

ಈಗ ಕ್ಯಾಲಿಫೋರ್ನಿಯಾಕ್ಕೆ ಮರಳೋಣ. ಅಲ್ಲಿ ಪರವಾನಗಿಯನ್ನು ಅಪೇಕ್ಷಿಸುವ ಕಿರಿಯ ಚಿಕಿತ್ಸಕರು ೩೦೦೦ ಗಂಟೆಗಳ ಅನುಭವವನ್ನು ಮೇಲ್ವಿಚಾರಣೆಯಲ್ಲಿಯೇ ಗಳಿಸಬೇಕು. ವಾರಕ್ಕೆ ಕನಿಷ್ಠ ಒಂದು ಗಂಟೆ ಮೇಲ್ವಿಚಾರಕರ ಎದುರು, ಇಲ್ಲವೇ ಎರಡು ಗಂಟೆ ಚಿಕ್ಕ ಗುಂಪಿನಲ್ಲಿ ಕುಳಿತು ತಮ್ಮ ಕೆಲಸದ ಲೆಕ್ಕ ಒಪ್ಪಿಸಬೇಕು. ಎಷ್ಟು ಕಟ್ಟುನಿಟ್ಟು! ಆದರೆ ಪರವಾನಗಿ ಕೈಗೆ ಬಂದ ಮರುದಿನದಿಂದ ಕಾನೂನಿನ ಈ ಕಣ್ಣು ಮುಚ್ಚಿಕೊಳ್ಳುತ್ತದೆ. ಆಮೇಲೆ ಮೂವತ್ತು ವರ್ಷ ಬಾಗಿಲು ಮುಚ್ಚಿ ಕೆಲಸ ಮಾಡಿದರೂ ವಾರವಾರ ಲೆಕ್ಕ ಕೇಳುವವರು ಇರಬೇಕೆಂಬ ಕಟ್ಟಳೆಯಿಲ್ಲ. ಉಳಿಯುವುದು ಗಂಟೆಗಳ ಪ್ರಮಾಣಪತ್ರ ಮಾತ್ರ. ಅನುಭವ ಬೆಳೆದಂತೆ ತಪ್ಪು ತಾನಾಗಿ ಕಡಿಮೆಯಾಗುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಹಿರಿತನ ಬಂದಂತೆ ಪ್ರಶ್ನಿಸುವವರು ಕಡಿಮೆಯಾಗುತ್ತಾರೆ ಎಂಬುದನ್ನು ಈ ನಂಬಿಕೆ ಮರೆಯುತ್ತದೆ.

ಬ್ರಿಟನ್ನಿನ ಪದ್ಧತಿ ಬೇರೆ. ಅಲ್ಲಿನ ಸಮಾಲೋಚಕರ ದೊಡ್ಡ ಸಂಘವಾದ ಬಿ.ಎ.ಸಿ.ಪಿ.ಯ ಮಾನ್ಯತೆಯನ್ನು ಪಡೆದವರು ವೃತ್ತಿಯಲ್ಲಿರುವಷ್ಟು ಕಾಲವೂ ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ ಮೇಲ್ವಿಚಾರಕರ ಮುಂದೆ ಕೂರಬೇಕು. ಇಪ್ಪತ್ತು ವರ್ಷದ ಅನುಭವಿಗೂ ಇದರಿಂದ ವಿನಾಯಿತಿಯಿಲ್ಲ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ತಿಂಗಳಿಗೆ ಒಂದೂವರೆ ಗಂಟೆಯಂತೆ ಎರಡು ವರ್ಷಕ್ಕೆ ೩೬ ಗಂಟೆ. ಕ್ಯಾಲಿಫೋರ್ನಿಯಾ ಎರಡು ವರ್ಷಕ್ಕೆ ಕೇಳುವ ಶಿಕ್ಷಣವೂ ೩೬ ಗಂಟೆಯೇ! ಸಂಖ್ಯೆ ಒಂದೇ, ಸ್ವರೂಪ ಬೇರೆ. ಒಂದನ್ನು ಬೇಕೆಂದಾಗ ರಾಶಿ ಹಾಕಿಕೊಳ್ಳಬಹುದು, ಉಳಿದ ತಿಂಗಳುಗಳಲ್ಲಿ ಮರೆತಿರಬಹುದು. ಇನ್ನೊಂದನ್ನು ರಾಶಿ ಹಾಕಲು ಬರುವುದಿಲ್ಲ. ತಿಂಗಳು ತಿಂಗಳೂ ಬಂದು ಬಾಗಿಲು ತಟ್ಟುತ್ತದೆ. ಒಂದು ಹಬ್ಬದೂಟ, ಇನ್ನೊಂದು ದಿನನಿತ್ಯದ ರೊಟ್ಟಿ. ದೇಹ ಬದುಕುವುದು ಯಾವುದರಿಂದ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಹೊರದೇಶದ ಶಿಬಿರಗಳೊಳಗೇ ಹುದುಗಿರುವ ನೀತಿಯ ಪ್ರಶ್ನೆಗಳಿವೆ. ನೀತಿಯನ್ನು ಕಲಿಸುವ ಸ್ಥಳದಲ್ಲಿಯೇ ನೀತಿ ಪರೀಕ್ಷೆಗೆ ಒಳಗಾಗುತ್ತದೆ ಎಂಬುದು ಸೋಜಿಗವಾದರೂ ನಿಜ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ಮೊದಲನೆಯದು, ಸಂಬಂಧಗಳ ಗೋಜಲು. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ನೀತಿಸಂಹಿತೆ ಒಬ್ಬರೊಡನೆ ಎರಡು ಬಗೆಯ ಸಂಬಂಧವನ್ನು ಬೆಳೆಸಿ ವಿವೇಕವನ್ನು ಮಸುಕುಗೊಳಿಸಿಕೊಳ್ಳಬಾರದೆಂದು ಹೇಳುತ್ತದೆ. ತಮ್ಮ ಅಧೀನದಲ್ಲಿರುವವರನ್ನು ಸ್ವಂತ ಲಾಭಕ್ಕೆ ಬಳಸಿಕೊಳ್ಳುವುದನ್ನು ನಿಷೇಧಿಸುತ್ತದೆ. ಮೇಲ್ವಿಚಾರಕರೊಬ್ಬರು ತಾವೇ ನಡೆಸುವ ಶಿಬಿರಕ್ಕೆ ತಮ್ಮ ಕೈಕೆಳಗಿನ ಕಿರಿಯರನ್ನು ‘ಬನ್ನಿ’ ಎಂದು ಕರೆದರೆ, ಆ ಕಿರಿಯರು ‘ಬರುವುದಿಲ್ಲ’ ಎನ್ನಬಲ್ಲರೇ? ಅವರ ೩೦೦೦ ಗಂಟೆಗಳಿಗೆ ಸಹಿ ಹಾಕಬೇಕಾದವರು ಅವರೇ ಅಲ್ಲವೇ? ಹೋದರೆ ಒಂದೇ ಮನೆಯಲ್ಲಿ ವಾಸ, ಒಂದೇ ಮೇಜಿನಲ್ಲಿ ಊಟ, ರಾತ್ರಿ ಮದ್ಯದ ಬಟ್ಟಲು, ಅರೆಬರೆ ಗುಟ್ಟುಗಳ ವಿನಿಮಯ. ಊರಿಗೆ ಮರಳಿದ ಮೇಲೆ ಅದೇ ಮೇಲ್ವಿಚಾರಕರು ಅದೇ ಕಿರಿಯರ ಯೋಗ್ಯತೆಗೆ ಅಂಕ ಕೊಡಬೇಕು. ತಕ್ಕಡಿ ಹಿಡಿದ ಕೈ ನಡುಗದೆ ಇದ್ದೀತೇ?

ಎರಡನೆಯದು, ಗುಟ್ಟಿನ ರಕ್ಷಣೆ. ಸಂದಿಗ್ಧಗಳನ್ನು ಚರ್ಚಿಸಬೇಕಾದರೆ ನೊಂದವರ ಕಥೆಗಳನ್ನು ಹೇಳಲೇಬೇಕಾಗುತ್ತದೆ. ಪಾಠಕ್ಕಾಗಿ ಬಳಸುವಾಗ ಗುರುತು ಸಿಗದಂತೆ ಮರೆಮಾಡಬೇಕು, ಇಲ್ಲವೇ ಲಿಖಿತ ಒಪ್ಪಿಗೆ ಪಡೆದಿರಬೇಕು ಎಂಬ ನಿಯಮವಿದೆ. ಚರ್ಚೆಯ ಕೊಠಡಿಯಲ್ಲಿ ಈ ನಿಯಮ ನೆನಪಿರುತ್ತದೆ. ಊಟದ ಮೇಜಿನಲ್ಲಿ, ಬಸ್ಸಿನಲ್ಲಿ, ಈಜುಕೊಳದ ಅಂಚಿನಲ್ಲಿ ಅದು ನೆನಪಿರುವುದೇ? ತನ್ನ ಬಾಳಿನ ಅತಿ ಕಹಿಯಾದ ಗಳಿಗೆ ಪ್ರವಾಸಿಗರ ನಡುವೆ ಹರಟೆಯ ವಸ್ತುವಾಗಬಹುದೆಂದು ಆ ನೊಂದವರು ಕನಸಿನಲ್ಲಿಯೂ ಎಣಿಸಿರುವುದಿಲ್ಲ.

ಮೂರನೆಯದು, ಊರಲ್ಲಿ ಉಳಿದವರ ಪಾಡು. ಬಾಲಿಗೂ ಕ್ಯಾಲಿಫೋರ್ನಿಯಾಕ್ಕೂ ಹದಿನೈದು ಹದಿನಾರು ಗಂಟೆಗಳ ಅಂತರವಿದೆ. ಬಾಲಿಯಲ್ಲಿ ಮಧ್ಯಾಹ್ನ ಎರಡು ಗಂಟೆಯ ಉಪನ್ಯಾಸ ನಡೆಯುವಾಗ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ದಿನದ ರಾತ್ರಿ ಹತ್ತೋ ಹನ್ನೊಂದೋ ಗಂಟೆ. ಒಂಟಿತನ ಹೆಡೆಯೆತ್ತುವ ಹೊತ್ತು ಅದು. ಆ ಹೊತ್ತಿನಲ್ಲಿ ಬದುಕೇ ಬೇಡವೆನಿಸಿದವರು ಫೋನು ಮಾಡಿದರೆ ಎತ್ತುವವರು ಯಾರು? ಚಿಕಿತ್ಸಕರ ಗೈರುಹಾಜರಿಯಲ್ಲಿ ಸೇವೆ ಕಡಿದುಹೋಗದಂತೆ ಮುಂಚಿತವಾಗಿ ಏರ್ಪಾಡು ಮಾಡಬೇಕೆಂದು ನೀತಿಸಂಹಿತೆ ವಿಧಿಸುತ್ತದೆ. ಬದಲಿ ಚಿಕಿತ್ಸಕರ ಹೆಸರನ್ನು ಯಂತ್ರದ ಧ್ವನಿಯಲ್ಲಿ ಹೇಳಿಸಿದರೆ ಅಕ್ಷರಾರ್ಥದಲ್ಲಿ ನಿಯಮ ಪಾಲನೆಯಾದೀತು. ಆ ಬದಲಿಯವರನ್ನು ನೊಂದವರಿಗೆ ಮೊದಲೇ ಪರಿಚಯಿಸಿ ಹೋಗುವುದು ಆಪ್ತರ ಲಕ್ಷಣ. ಹಾಗೆಯೇ ಮೇಲ್ವಿಚಾರಕರು ಹೊರದೇಶದಲ್ಲಿರುವ ವಾರ ಅವರ ಕಿರಿಯರನ್ನು ನೋಡಿಕೊಳ್ಳುವವರು ಯಾರೆಂಬುದೂ ತೀರ್ಮಾನವಾಗಿರಬೇಕು. ಮೇಲ್ವಿಚಾರಣೆ ಕಲಿಯಲು ಹೋದವರಿಂದ ಮೇಲ್ವಿಚಾರಣೆಯೇ ತಪ್ಪಬಾರದು.

ನಾಲ್ಕನೆಯದು, ಹಣ. ಅಮೆರಿಕದ ತೆರಿಗೆ ಕಾನೂನಿನಂತೆ ಹೊರದೇಶದ ವಿಚಾರಸಂಕಿರಣಗಳ ಖರ್ಚನ್ನು ವೃತ್ತಿಯ ಖರ್ಚೆಂದು ಕಳೆಯಲು ಕೆಲವು ಕಟ್ಟುಗಳಿವೆ. ‘ಉತ್ತರ ಅಮೆರಿಕದ ವಲಯ’ದ ಹೊರಗೆ ನಡೆಯುವ ಕೂಟವು ವೃತ್ತಿಗೆ ನೇರವಾಗಿ ಸಂಬಂಧಪಟ್ಟಿರಬೇಕು, ಅದನ್ನು ಅಲ್ಲಿ ನಡೆಸುವುದು ವಲಯದೊಳಗೆ ನಡೆಸುವಷ್ಟೇ ಸಮಂಜಸವೆಂದು ತೋರಿಸಬೇಕು. ಈ ವಲಯದಲ್ಲಿ ಮೆಕ್ಸಿಕೊ, ಕೋಸ್ಟರಿಕಾ ಸೇರಿವೆ; ಇಟಲಿ, ಗ್ರೀಸ್, ಬಾಲಿ ಸೇರಿಲ್ಲ. ಹಡಗಿನ ಮೇಲಿನ ಕೂಟಗಳಿಗಂತೂ ವರ್ಷಕ್ಕೆ ೨೦೦೦ ಡಾಲರಿನ ಮಿತಿ. ಅದರ ಜೊತೆಗೆ ದಿನಕ್ಕೆ ಎಷ್ಟು ಗಂಟೆ ಕಲಾಪದಲ್ಲಿದ್ದೆವೆಂಬ ಲಿಖಿತ ಹೇಳಿಕೆ. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ೨೦೧೭ರ ತೆರಿಗೆ ಕಾನೂನು ಬಂದ ಬಳಿಕ, ೨೦೧೮ರಿಂದ, ಸಂಬಳಕ್ಕೆ ದುಡಿಯುವ ನೌಕರರು ತಮ್ಮ ಕೈಯಿಂದ ಮಾಡಿದ ಇಂಥ ಖರ್ಚನ್ನು ಕೇಂದ್ರ ತೆರಿಗೆಯಲ್ಲಿ ಕಳೆಯುವಂತಿಲ್ಲ. ಸ್ವಂತ ವೃತ್ತಿ ನಡೆಸುವವರು ಕಳೆಯಬಹುದು. ಇದರ ಫಲವೇನು? ಸರಕಾರಿ ಕೇಂದ್ರಗಳಲ್ಲಿ, ಧರ್ಮಾರ್ಥ ಸಂಸ್ಥೆಗಳಲ್ಲಿ ಕಡುಬಡವರ, ತೀವ್ರವಾಗಿ ನೊಂದವರ ಭಾರವನ್ನು ಹೊರುವ ಚಿಕಿತ್ಸಕರಿಗೆ ಈ ಬಾಗಿಲು ಹೆಚ್ಚುಕಡಿಮೆ ಮುಚ್ಚಿದೆ. ಉಳ್ಳವರಿಗೆ ಸೇವೆ ಸಲ್ಲಿಸುವವರಿಗೆ ತೆರೆದಿದೆ. ಯಾರಿಗೆ ವಿಶ್ರಾಂತಿ ಹೆಚ್ಚು ಬೇಕೋ ಅವರಿಗೇ ಅದು ದೂರ.

ಮೇಲ್ವಿಚಾರಣೆ ಸೋತರೆ ಏನಾಗುತ್ತದೆ ಎಂಬುದಕ್ಕೆ ಆ ರಾಜ್ಯದ ಇತಿಹಾಸದಲ್ಲಿಯೇ ಒಂದು ದಾರುಣ ನಿದರ್ಶನವಿದೆ. ಅದರಲ್ಲಿ ನಮ್ಮ ದೇಶದಿಂದ ಹೋದ ಒಬ್ಬ ವಿದ್ಯಾರ್ಥಿಯೂ ಸೇರಿದ್ದಾನೆ. ೧೯೬೯ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಪ್ರೊಸೆನ್‌ಜಿತ್ ಪೊದ್ದಾರ್ ಎಂಬಾತ, ತಾತಿಯಾನಾ ತಾರಾಸಾಫ್ ಎಂಬ ತರುಣಿಯನ್ನು ಕೊಲ್ಲುವ ಇಂಗಿತವನ್ನು ವಿಶ್ವವಿದ್ಯಾಲಯದ ಆಸ್ಪತ್ರೆಯ ಮನೋವಿಜ್ಞಾನಿಯ ಮುಂದೆ ಹೊರಗೆಡಹಿದ. ಮನೋವಿಜ್ಞಾನಿ ಕ್ಯಾಂಪಸ್ ಪೊಲೀಸರಿಗೆ ಪತ್ರ ಬರೆದರು. ಪೊಲೀಸರು ಆತನನ್ನು ವಿಚಾರಿಸಿ ಬಿಟ್ಟುಬಿಟ್ಟರು. ಆಮೇಲೆ ಮನೋವೈದ್ಯ ವಿಭಾಗದ ಮುಖ್ಯಸ್ಥರು ಆ ಪತ್ರವನ್ನು ಹಿಂದಕ್ಕೆ ತರಿಸಿ, ಪ್ರತಿಗಳನ್ನೂ ಟಿಪ್ಪಣಿಗಳನ್ನೂ ನಾಶಪಡಿಸಲು ಹೇಳಿದರು, ಮುಂದಿನ ಕ್ರಮ ಬೇಡವೆಂದರು ಎಂದು ತರುಣಿಯ ತಂದೆತಾಯಿಗಳು ಹೂಡಿದ ದಾವೆಯಲ್ಲಿ ಹೇಳಲಾಯಿತು. ಆ ತರುಣಿಗೆ ಯಾರೂ ಎಚ್ಚರಿಕೆ ಕೊಡಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಆಕೆಯ ಕೊಲೆಯಾಯಿತು. ಅಪಾಯಕ್ಕೆ ಗುರಿಯಾದವರನ್ನು ರಕ್ಷಿಸಲು ಯುಕ್ತ ಕ್ರಮ ಕೈಗೊಳ್ಳುವ ಹೊಣೆ ಚಿಕಿತ್ಸಕರಿಗಿದೆ ಎಂದು ೧೯೭೬ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು.

ವೃತ್ತಿನೀತಿಯ ತರಗತಿಗಳಲ್ಲಿ ಈ ತೀರ್ಪನ್ನು ಮತ್ತೆ ಮತ್ತೆ ಬೋಧಿಸುತ್ತಾರೆ. ಚಿಕಿತ್ಸಕರ ಹೊಣೆ ಎಂಬ ಒಂದೇ ಮಗ್ಗುಲಿನಿಂದ ಅದನ್ನು ನೋಡಿದರೆ ಸಾಲದು. ದಾವೆಯ ಕಥನವನ್ನು ನಂಬುವುದಾದರೆ, ಕೆಳಗಿನವರು ಅಪಾಯವನ್ನು ಕಂಡಿದ್ದರು. ಮೇಲಿನವರು ಅದನ್ನು ಮುಚ್ಚಿದರು. ಅಲ್ಲಿ ಕೊರತೆಯಾದದ್ದು ನಿಯಮದ ಜ್ಞಾನವಲ್ಲ. ಆ ವಾರ, ಆ ಕೊಠಡಿಯಲ್ಲಿ, ಮುಖ್ಯಸ್ಥರೊಡನೆ ‘ಇದು ಸರಿಯಲ್ಲ, ಮತ್ತೊಮ್ಮೆ ವಿಚಾರ ಮಾಡೋಣ’ ಎಂದು ಗಟ್ಟಿಯಾಗಿ ಹೇಳಿ ನಿಲ್ಲುವ ವ್ಯವಸ್ಥೆ ಇರಲಿಲ್ಲ. ಎಷ್ಟು ಸುಂದರವಾದ ಕಡಲತೀರದಲ್ಲಿ ಎಷ್ಟು ಗಂಟೆ ಕುಳಿತರೂ ಆ ಒಂದು ಗಳಿಗೆಯ ಕೊರತೆ ತುಂಬುವುದಿಲ್ಲ.

ಆ ನೀತಿಸಂಹಿತೆಯೇ ಹೇಗೆ ಹುಟ್ಟಿತೆಂಬುದನ್ನೂ ಇಲ್ಲಿ ಸ್ಮರಿಸಬೇಕು. ೧೯೫೩ರಲ್ಲಿ ಅಮೆರಿಕದ ಮನೋವಿಜ್ಞಾನಿಗಳು ತಮ್ಮ ಮೊದಲ ಸಂಹಿತೆಯನ್ನು ಪ್ರಕಟಿಸಿದಾಗ, ನಿಕೊಲಾಸ್ ಹಾಬ್ಸ್ ಅವರ ಅಧ್ಯಕ್ಷತೆಯ ಸಮಿತಿ ಸಿದ್ಧಾಂತದಿಂದ ಹೊರಡಲಿಲ್ಲ. ‘ನಿಮ್ಮ ಕೆಲಸದಲ್ಲಿ ನೀತಿಯ ಇಕ್ಕಟ್ಟು ಎದುರಾದ ಪ್ರಸಂಗವನ್ನು ಬರೆದು ಕಳುಹಿಸಿ’ ಎಂದು ಸದಸ್ಯರನ್ನೇ ಕೇಳಿತು. ಸಾವಿರಕ್ಕೂ ಮಿಕ್ಕಿದ ಪ್ರಸಂಗಗಳು ಬಂದವು. ಅವುಗಳನ್ನು ಸೋಸಿ ತೆಗೆದದ್ದೇ ಆ ಸಂಹಿತೆ. ಅಂದರೆ ನಡೆಯಿಂದ ನುಡಿ ಹುಟ್ಟಿತು. ಇಂದು ನುಡಿಯನ್ನು ಕೇಳಿಸಿ ಪ್ರಮಾಣಪತ್ರ ಕೊಟ್ಟರೆ ನಡೆ ತಾನಾಗಿ ಬರುವುದೆಂದು ಭಾವಿಸುವುದು ಹೊಳೆಯನ್ನು ಹಿಮ್ಮುಖವಾಗಿ ಹರಿಸುವ ಪ್ರಯತ್ನದಂತಿದೆ.

ಹಾಗಾದರೆ ಶಿಬಿರಗಳೇ ಬೇಡವೇ? ಬೇಡವೆಂದು ನಮ್ಮ ಅಭಿಪ್ರಾಯವಲ್ಲ. ಅವು ತಮ್ಮ ಸ್ಥಾನದಲ್ಲಿರಲಿ. ವಿಶ್ರಾಂತಿಯನ್ನು ವಿಶ್ರಾಂತಿಯೆಂದೇ ಕರೆಯಲಿ. ಅದಕ್ಕೆ ನೀತಿಯ ಉಡುಪನ್ನು ತೊಡಿಸುವುದು ಬೇಡ. ಮೇಲ್ವಿಚಾರಕರು ತಮ್ಮ ಅಧೀನದ ಕಿರಿಯರನ್ನು ತಾವು ಹಣ ಪಡೆಯುವ ಶಿಬಿರಕ್ಕೆ ಕರೆಯದಿರಲಿ. ಶಿಬಿರದಲ್ಲಿ ಕೂಡಿದ ನಾಲ್ಕಾರು ಜನ ಊರಿಗೆ ಮರಳಿದ ಮೇಲೂ ತಿಂಗಳಿಗೊಮ್ಮೆ ಒಂದುಗೂಡಿ, ‘ಅಲ್ಲಿ ಹೇಳಿದ ಸಂದಿಗ್ಧ ಇಲ್ಲಿ ಏನಾಯಿತು?’ ಎಂದು ಒಬ್ಬರನ್ನೊಬ್ಬರು ಕೇಳಲಿ. ಆಗ ಶಿಬಿರ ಬೀಜವಾಗುತ್ತದೆ. ಇಲ್ಲವಾದರೆ ಬರಿಯ ನೆನಪಿನ ಚಿತ್ರವಾಗಿ ಉಳಿಯುತ್ತದೆ. ಪರವಾನಗಿ ನೀಡುವ ಮಂಡಳಿಗಳೂ ಈ ದಿಕ್ಕಿನಲ್ಲಿ ಯೋಚಿಸಬೇಕು. ಕ್ಯಾಲಿಫೋರ್ನಿಯಾದ ಮನೋವಿಜ್ಞಾನ ಮಂಡಳಿ ೨೦೨೩ರಿಂದ ಜಾರಿಗೆ ತಂದ ನಿಯಮದಲ್ಲಿ ತರಗತಿಯ ಪಾಠದ ಜೊತೆಗೆ ಸಹೋದ್ಯೋಗಿಗಳೊಡನೆ ನಡೆಸುವ ಸಮಾಲೋಚನೆಯನ್ನೂ ಕಲಿಕೆಯೆಂದು ಲೆಕ್ಕಕ್ಕೆ ಹಿಡಿಯುತ್ತದೆ. ಇದು ಶುಭಸೂಚನೆ. ಆದರೆ ಲೆಕ್ಕಕ್ಕೆ ಹಿಡಿದರೆ ಸಾಲದು. ವೃತ್ತಿಯಲ್ಲಿರುವ ಎಲ್ಲರಿಗೂ, ಎಷ್ಟೇ ಹಿರಿಯರಿರಲಿ, ಅದನ್ನು ಕಡ್ಡಾಯ ಮಾಡಬೇಕೆಂಬುದು ನಮ್ಮ ನಿಶ್ಚಿತ ನಿಲುವು.

ಕಡಲಾಚೆಗಿನ ಈ ವಿಚಾರ ನಮಗೇಕೆ ಎಂದು ಓದುಗರು ಕೇಳಬಹುದು. ಸಾಂತಾ ಕ್ಲಾರಾ, ಫ್ರೀಮಾಂಟ್ ಮೊದಲಾದ ಊರುಗಳಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳು ಅನೇಕ. ಎರಡು ನಾಡುಗಳ ನಡುವೆ ಬೆಳೆಯುವ ಮಕ್ಕಳು, ದೂರದಲ್ಲಿರುವ ಮುಪ್ಪಿನ ತಂದೆತಾಯಿಗಳ ಚಿಂತೆ, ಮನೆಯೊಳಗಿನ ಮೌನ, ಇವುಗಳನ್ನು ಹೊತ್ತು ಅವರಲ್ಲಿ ಕೆಲವರು ಈ ಸಮಾಲೋಚಕರ ಬಾಗಿಲಿಗೆ ಹೋಗುತ್ತಾರೆ. ಗೋಡೆಯ ಮೇಲಿನ ಪ್ರಮಾಣಪತ್ರಗಳನ್ನು ನೋಡಿ ಸುಮ್ಮನಾಗುತ್ತಾರೆ. ವೈದ್ಯರನ್ನು ಪ್ರಶ್ನಿಸುವುದು ಅವಿನಯವೆಂಬುದು ನಮ್ಮ ಸಂಸ್ಕಾರ. ಅವರಿಗೆ ನಮ್ಮದೊಂದು ವಿನಂತಿ. ಮೊದಲ ಭೇಟಿಯಲ್ಲಿಯೇ ಸಂಕೋಚವಿಲ್ಲದೆ ಎರಡು ಮಾತು ಕೇಳಿ. ‘ನಿಮಗೆ ಸಂದಿಗ್ಧ ಬಂದಾಗ ಯಾರೊಡನೆ ವಿಚಾರ ಮಾಡುತ್ತೀರಿ?’ ‘ನೀವು ಊರಲ್ಲಿಲ್ಲದಾಗ ನಾನು ಯಾರನ್ನು ಕರೆಯಬೇಕು?’ ಈ ಪ್ರಶ್ನೆಗಳಲ್ಲಿ ಅವಿನಯವಿಲ್ಲ. ಒಳ್ಳೆಯ ಸಮಾಲೋಚಕರು ಇವುಗಳನ್ನು ಕೇಳಿ ಸಂತೋಷಪಡುತ್ತಾರೆ. ಉತ್ತರಿಸಲು ತಡವರಿಸುವವರಾದರೆ, ಮುಂದಿನ ಹೆಜ್ಜೆ ಇಡುವ ಮುನ್ನ ನೀವೇ ಒಂದು ಕ್ಷಣ ನಿಲ್ಲುವುದು ಒಳಿತು.

ನೀತಿಯನ್ನು ದೂರ ಹೋಗಿ ಕೇಳಬಹುದು, ದೂರದಲ್ಲಿದ್ದು ಪಾಲಿಸಲಾಗದು. ಅದರ ಪರೀಕ್ಷೆ ಮಂಗಳವಾರ ಮಧ್ಯಾಹ್ನದ ಸಾಮಾನ್ಯ ಗಂಟೆಯಲ್ಲಿ, ಮುಚ್ಚಿದ ಬಾಗಿಲಿನ ಹಿಂದೆ, ದಣಿದ ಇಬ್ಬರ ನಡುವೆ ನಡೆಯುತ್ತದೆ. ಅಲ್ಲಿ ನಡೆದದ್ದನ್ನು ಬುಧವಾರ ಕೇಳುವ ಒಬ್ಬ ಆಪ್ತರು ಆ ಆಪ್ತರಿಗೂ ಇರಲಿ.